ಇಂಟರ್ವಲ್ ಇಲ್ಲದ ಪಿಚ್ಚರು

ಇಂಟರ್ವಲ್ ಇಲ್ಲದ್ದು ಪಿಚ್ಚರೇ ಅಲ್ಲ ಅನ್ನುವುದು ನಮ್ಮ ಪಕ್ಕದ ಮನೆ ಪಿನ್ನಿಗಾರು, ಅಂದರೆ ತೆಲುಗಿನ ಚಿಕ್ಕಮ್ಮ, ಕೊಟ್ಟಿರುವ ತೀರ್ಪು. ಅದಕ್ಕೆ ಮೇಲ್ಮನವಿ ಇಲ್ಲ. ಈಚೆಗೆ ವಿಶಾಖಪಟ್ಟಣದಲ್ಲಿ ಒಂದು ದಿನದ ಪುಟ್ಟ ಚಿತ್ರೋತ್ಸವ ನಡೆದಾಗ ಅವರೂ ಬಂದಿದ್ದರು, ನಾನೂ ಹೋಗಿದ್ದೆ. ಅವರ ಯಜಮಾನರು ಬಾಬಾಯಿಗಾರು ಎಲ್ಲರಿಗಿಂತ ಮೊದಲೇ ಹೋಗಿ, ಫ್ಯಾನಿನ ಕೆಳಗಿನ ಸಾಲಿಗೆ ಟವೆಲ್ ಹಾಸಿ ಜಾಗ ಹಿಡಿದಿದ್ದರು. ಇಷ್ಟು ಉತ್ಸಾಹಕ್ಕೆ ಕಾರಣ ಕಲಾಪ್ರೇಮವಲ್ಲ. ಪಿನ್ನಿಗಾರ ತಂಗಿಯ ಮೊಮ್ಮಗ, ಎಂಜಿನಿಯರಿಂಗ್ ಕೊನೆಯ ವರ್ಷದ ಹುಡುಗ, ಒಂದು ಕಿರುಚಿತ್ರ ತೆಗೆದಿದ್ದ.

ಚಿತ್ರ ಆರ್.ಕೆ. ಬೀಚಿನಲ್ಲಿ ನಡೆಯುತ್ತದೆ. ವಿಶಾಖಪಟ್ಟಣದ ಹುಡುಗರು ತೆಗೆಯುವ ಕಿರುಚಿತ್ರಗಳು ಆರ್.ಕೆ. ಬೀಚಿನಲ್ಲೋ ಕೈಲಾಸಗಿರಿಯಲ್ಲೋ ಭೀಮಿಲಿಯ ದಾರಿಯಲ್ಲೋ ನಡೆಯದೆ ಬೇರೆಲ್ಲಿ ನಡೆದಾವು? ಸಮುದ್ರಕ್ಕೆ ಬಾಡಿಗೆ ಕೊಡಬೇಕಾಗಿಲ್ಲ, ಬೆಳಕು ಪುಕ್ಕಟೆ, ಅಲೆಯ ಸದ್ದಿನಲ್ಲಿ ಮಾತು ಸರಿಯಾಗಿ ಕೇಳದಿದ್ದರೆ ಅದಕ್ಕೂ ಒಂದು ನೆವ. ಹುಡುಗ ಮರಳಲ್ಲಿ ಕೂತ, ಹುಡುಗಿ ಫೋನೆತ್ತಲಿಲ್ಲ, ಹುಡುಗ ಎದ್ದ. ಮುಗಿಯಿತು. "ಕರ್ಚೀಫು ಹೊರಗೆ ತೆಗೆಯೋದರೊಳಗೆ ಮುಗಿದೇಹೋಯ್ತಲ್ಲ" ಅಂದರು ಪಿನ್ನಿಗಾರು. ನಡುವೆ ಒಂದು ಸಲ ನಾಯಕಿಯ ಹಣೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬ್ಯಾಟರಿ ಹತ್ತು ಪರ್ಸೆಂಟ್ ಉಳಿದಿದೆ ಅಂತ ಮೂಡಿತು. ಅದು ಚಿತ್ರದ ಭಾಗವಲ್ಲ, ಚಿತ್ರ ಓಡಿಸುತ್ತಿದ್ದ ಲ್ಯಾಪ್‌ಟಾಪಿನ ಗೋಳು. ಆದರೆ ನನ್ನ ಹಿಂದೆ ಕೂತ ಒಬ್ಬರು ಅದನ್ನು ಪ್ರೇಮದ ಸಂಕೇತವೆಂದು ತಿಳಿದು "ವಾಹ್" ಅಂದರು.

ನನಗೆ ಮುಖ್ಯವಾಗಿ ಕಂಡದ್ದು ಆಮೇಲಿನದು. ಚಿತ್ರದ ಕೊನೆಯ ಹೆಸರುಗಳು ಮೇಲೇರುತ್ತಿದ್ದಂತೆಯೇ ನಮ್ಮ ಸಾಲಿನ ಅಷ್ಟೂ ಜನ ಎದ್ದುಬಿಟ್ಟರು. ದೊಡ್ಡಪ್ಪ, ಸೋದರತ್ತೆ, ಟ್ಯೂಷನ್ ಮೇಷ್ಟರು, ಚಿತ್ರದಲ್ಲಿ ಚಹಾ ಮಾರುವವನ ಪಾತ್ರ ಮಾಡಿದ್ದ ಅಪಾರ್ಟ್‌ಮೆಂಟ್ ವಾಚ್‌ಮನ್, ಎಲ್ಲರೂ ಹುಡುಗನ ಜೊತೆ ಫೋಟೋ ತೆಗೆಸಿಕೊಳ್ಳಲು ಹೊರಗೆ. ಆ ಕುರ್ಚಿಗಳಲ್ಲಿ ಮುಂದಿನ ಚಿತ್ರದ ಬಂಧುಬಳಗ ಬಂದು ಕೂತಿತು. ಅದು ಮುಗಿದಾಗ ಅವರೂ ಎದ್ದರು. ಹೀಗೆ ದಿನವಿಡೀ ಸಭಾಂಗಣ ತುಂಬಿಯೇ ಇತ್ತು, ಒಬ್ಬರೂ ಇನ್ನೊಬ್ಬರ ಮನೆಯ ಚಿತ್ರ ನೋಡಲಿಲ್ಲ. ಕೊನೆವರೆಗೆ ಕೂತವರು ನಾನು, ಬಾಬಾಯಿ, ಮತ್ತೆ ನಿದ್ದೆ ಹೋಗಿದ್ದ ಇನ್ನೊಬ್ಬರು.

ಮರುದಿನ ಬೆಳಿಗ್ಗೆ ಕಾಂಪೌಂಡಿನ ಮೇಲೆ ಇದೇ ಮಾತು. ಕಾಂಪೌಂಡು ಅಂದರೆ ಎದೆಮಟ್ಟದ ಗೋಡೆ, ಅದರ ಮೇಲೆ ಬಗ್ಗಿದ ದಾಸವಾಳ, ಆಚೆ ಅವರ ನುಗ್ಗೆಮರ. ಬಾಬಾಯಿ ರೈಲ್ವೆಯಲ್ಲಿ ಗಾರ್ಡ್ ಆಗಿದ್ದವರು. ಹುಟ್ಟಿದ್ದು ವಿಜಯವಾಡದ ಸತ್ಯನಾರಾಯಣಪುರ. ಆಗ ಹುಬ್ಬಳ್ಳಿ ಡಿವಿಜನ್ನೂ ವಿಜಯವಾಡ ಡಿವಿಜನ್ನೂ ಒಂದೇ ದಕ್ಷಿಣ ಮಧ್ಯ ರೈಲ್ವೆಯಲ್ಲಿದ್ದವು. 2003ರಲ್ಲಿ ಹುಬ್ಬಳ್ಳಿ ನೈಋತ್ಯ ರೈಲ್ವೆಗೆ ಹೋಗುವ ತನಕ ಹೀಗೆಯೇ ಇತ್ತು. ಆ ಕಾಲದಲ್ಲಿ ವರ್ಗವಾಗಿ ಹುಬ್ಬಳ್ಳಿಗೆ ಬಂದು, ಅಲ್ಲಿಯ ಕನ್ನಡವನ್ನೇ ಕಲಿತು, ಪಿಂಚಣಿಯ ಜೊತೆ ಅದನ್ನೂ ತಂದುಕೊಂಡಿದ್ದಾರೆ. ನಮ್ಮವರ ಕೆಲಸದ ದೆಸೆಯಿಂದ ಇಲ್ಲಿಗೆ ಬಂದ ಸಾಗರದ ಕಡೆಯ ನನಗೆ, ಬಂಗಾಳಕೊಲ್ಲಿಯ ದಂಡೆಯಲ್ಲಿ ದಿನಾ ಹುಬ್ಬಳ್ಳಿ ಮಾತು ಕೇಳುವ ಯೋಗ. ಪಿನ್ನಿಗಾರು ಭೀಮಿಲಿಯವರು, ಅವರದು ತೆಲುಗೇ. ಈ ಮನೆಯಲ್ಲಿ ವಿಶಾಖಪಟ್ಟಣಕ್ಕೂ ವಿಜಯವಾಡಕ್ಕೂ ಮದುವೆಯಾದಂದಿನಿಂದ ವ್ಯಾಜ್ಯ ನಡೆಯುತ್ತಿದೆ.

"ತಂಗೀ, ನಿಮ್ಮ ವೈಜಾಗಿನಾಗ ಪಿಚ್ಚರ್ ಜಾತ್ರಿ ಮಾಡಾಕ ಬರೂದಿಲ್ಲ" ಅಂದರು ಬಾಬಾಯಿ, ಪಿನ್ನಿಗಾರಿಗೆ ಕೇಳಿಸುವಷ್ಟು ಗಟ್ಟಿಯಾಗಿ. "ಪಿಚ್ಚರ್ ಅಂದ್ರ ಬೆಜವಾಡಾ. 1921ರಾಗನ ನಮ್ಮಲ್ಲಿ ಮಾರುತಿ ಟಾಕೀಸ್ ಇತ್ತು. ಆವಾಗ ಇವರು ಇನ್ನೂ ಮೀನ ಹಿಡಿಲಿಕ್ಕತ್ತಿದ್ರು."

"1921ರಲ್ಲಿ ಟಾಕಿ ಎಲ್ಲಿತ್ತು ಬಾಬಾಯಿಗಾರು? ಮಾತಿನ ಸಿನಿಮಾ ಬಂದದ್ದೇ ಹತ್ತು ವರ್ಷ ಆದಮೇಲೆ."

"ಪಿಚ್ಚರ್ ಮಾತಾಡ್ತಿದ್ದಿಲ್ಲ ಖರೆ. ಮಂದಿ ಮಾತಾಡ್ತಿದ್ರಲ್ಲ!"

ಮಾತಿನಲ್ಲಿ ಅವರನ್ನು ಹಿಡಿಯುವುದು ಕಷ್ಟ. ಅವರ ಬೆಜವಾಡದ, ಅಂದರೆ ವಿಜಯವಾಡದ, ಹೆಚ್ಚುಗಾರಿಕೆ ಸುಳ್ಳೂ ಅಲ್ಲ. ನಮ್ಮ ಬೆಂಗಳೂರಿನಲ್ಲಿ ಗಾಂಧಿನಗರ ಅಂದರೆ ಹೇಗೆ ಸಿನಿಮಾದ ವಿತರಕರು, ಮುಂಗಡ, ಪೋಸ್ಟರು ಎಲ್ಲ ನೆನಪಾಗುತ್ತದೋ, ವಿಜಯವಾಡದಲ್ಲೂ ಹಾಗೆ ವಿತರಕರ ಬೀಡು ಇರುವುದು ಒಂದು ಗಾಂಧಿನಗರದಲ್ಲೇ. ಎರಡೂ ಊರು ಸಿನಿಮಾದ ವ್ಯಾಪಾರವನ್ನೆಲ್ಲ ಆ ಮಹಾತ್ಮನ ಹೆಸರಿಗೆ ಬರೆದಿಟ್ಟಿವೆ; ಅವರು ಸಿನಿಮಾ ನೋಡಿದ್ದೇ ಅಪರೂಪ. ತೆಲುಗು ಸಿನಿಮಾದ ಭೂಪಟವೂ ಬೇರೆಯೇ: ನೈಜಾಂ, ಸೀಡೆಡ್, ಉತ್ತರಾಂಧ್ರ, ಈಸ್ಟ್, ವೆಸ್ಟ್, ಕೃಷ್ಣಾ, ಗುಂಟೂರು, ನೆಲ್ಲೂರು. ರಾಜ್ಯ ಒಡೆದು ಎರಡಾದರೂ ಈ ಗಡಿಗಳು ಅಲುಗಿಲ್ಲ. ನಿಜಾಮರು 1800ರಲ್ಲಿ ಇಂಗ್ಲಿಷರಿಗೆ ಬಿಟ್ಟುಕೊಟ್ಟ ಜಿಲ್ಲೆಗಳಿಗೆ, ಅದರಲ್ಲಿ ನಮ್ಮ ಬಳ್ಳಾರಿಯೂ ಒಂದು, ಅಂಟಿದ ಸೀಡೆಡ್ ಅನ್ನುವ ಹೆಸರು ಇವತ್ತಿಗೂ ಕಲೆಕ್ಷನ್ನಿನ ಲೆಕ್ಕದಲ್ಲಿ ಬದುಕಿದೆ.

ಈ ಭೂಪಟದಲ್ಲಿ ಸಣ್ಣ ಚಿತ್ರಕ್ಕೆ ಜಾಗ ಎಲ್ಲಿ ಅನ್ನುವುದು ನನ್ನ ಪ್ರಶ್ನೆ. ಸಂಕ್ರಾಂತಿಗೆ ನಾಯಕರ ಕಟೌಟಿಗೆ ಹಾಲೆರೆಯುವ ಊರಿನಲ್ಲಿ ಸಿನಿಮಾ ಪ್ರೀತಿಗೆ ಬರವಿಲ್ಲ. ಇಲ್ಲಿಯ ದೊಡ್ಡ ಚೌಕಕ್ಕೇ ಒಂದು ಥಿಯೇಟರಿನ ಹೆಸರು, ಜಗದಾಂಬ ಜಂಕ್ಷನ್. ಆಟೋದವನಿಗೆ ಜಗದಾಂಬ ಅಂದರೆ ಸಾಕು, ದೇವಸ್ಥಾನವೋ ಅಂತ ಕೇಳುವುದಿಲ್ಲ. ಸಭಾಂಗಣಗಳಿಗೂ ಬರವಿಲ್ಲ. ಇಲ್ಲಿ ಕಳಾಭಾರತಿ ಇದೆ, ಗುರಜಾಡ ಕಲಾಕ್ಷೇತ್ರ ಇದೆ, ವಿಜಯವಾಡದಲ್ಲಿ ತುಮ್ಮಲಪಲ್ಲಿಯವರ ಕ್ಷೇತ್ರಯ್ಯ ಕಲಾಕ್ಷೇತ್ರ ಇದೆ. ತೆಗೆಯುವವರಿಗಂತೂ ಏನೇನೂ ಬರವಿಲ್ಲ, ಕೈಗೊಂದು ಫೋನು ಬಂದಮೇಲೆ ಬೀದಿಗೊಬ್ಬ ನಿರ್ದೇಶಕ. ಬರ ಇರುವುದು ತನ್ನವನಲ್ಲದವನ ಚಿತ್ರ ಮುಗಿಯುವ ತನಕ ಕೂತು, ಆಮೇಲೆ ಅವನ ಮುಖ ನೋಡಿ ನಾಲ್ಕು ಮಾತಾಡುವ ಜನಕ್ಕೆ.

ಪ್ರಶಸ್ತಿಗೆ ಮಾತ್ರ ಸುಗ್ಗಿ. ಆ ಹುಡುಗನ ಪೋಸ್ಟರಿನಲ್ಲಿ ನಾಯಕನ ಮುಖ ಒಂದು, ಅದರ ಸುತ್ತ ಬಳ್ಳಿಯ ಹಾಗೆ ಎರಡೆರಡು ಎಲೆಯ ಗುರುತುಗಳು ಲೆಕ್ಕವಿಲ್ಲದಷ್ಟು. ಒಂದೊಂದೂ ಒಂದೊಂದು ಉತ್ಸವದ ಮನ್ನಣೆ. ಕೆಲವು ಉತ್ಸವಗಳು ತಿಂಗಳಿಗೊಮ್ಮೆ ನಡೆಯುತ್ತವೆ, ಇಂಟರ್ನೆಟ್ಟಿನಲ್ಲಿ ಮಾತ್ರ. ಪರದೆಯಿಲ್ಲ, ಪ್ರೇಕ್ಷಕರಿಲ್ಲ, ಡಾಲರಿನಲ್ಲಿ ಶುಲ್ಕ ಇದೆ. ಕಟ್ಟಿದರೆ ಎಲೆ ಬರುತ್ತದೆ. ಪಿನ್ನಿಗಾರು ಪೋಸ್ಟರನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿ, "ಇಷ್ಟೊಂದು ಎಲೆ ಹಾಕಿದ್ದಾರೆ, ಊಟ ಬಡಿಸಿದವರು ಯಾರು?" ಅಂದರು. ಕಿರುಚಿತ್ರೋತ್ಸವಗಳ ಬಗ್ಗೆ ಇದಕ್ಕಿಂತ ಒಳ್ಳೆಯ ವಿಮರ್ಶೆ ನಾನು ಓದಿಲ್ಲ.

ಹಾಗಂತ ಎಲ್ಲ ಎಲೆಯೂ ಬರಿದಲ್ಲ. 2024ರಲ್ಲಿ ನಮ್ಮ ಮೈಸೂರಿನ ಚಿದಾನಂದ ನಾಯ್ಕ್, ಡಾಕ್ಟರಿಕೆ ಓದಿ ಆಮೇಲೆ ಪುಣೆಯ ಫಿಲಂ ಇನ್‌ಸ್ಟಿಟ್ಯೂಟ್ ಸೇರಿದವರು, ತೆಗೆದ ಹದಿನಾರು ನಿಮಿಷದ ಕನ್ನಡ ಚಿತ್ರಕ್ಕೆ ಕಾನ್ ಉತ್ಸವದ ವಿದ್ಯಾರ್ಥಿ ವಿಭಾಗದಲ್ಲಿ ಮೊದಲ ಬಹುಮಾನ ಬಂತು. ಕಥೆ ಏನು ಅಂತ ಪಿನ್ನಿಗಾರು ಕೇಳಿದರು. ಹೇಳಿದೆ: ಒಬ್ಬ ಅಜ್ಜಿ ಊರಿನ ಹುಂಜ ಕದ್ದುಬಿಡುತ್ತಾಳೆ, ಊರಿಗೆ ಬೆಳಗೇ ಆಗುವುದಿಲ್ಲ. ಅವರು ಕೈಯಲ್ಲಿದ್ದ ನುಗ್ಗೆಸೊಪ್ಪನ್ನು ಗೋಡೆಯ ಮೇಲಿಟ್ಟರು. "ಆಮೇಲೆ?"

ನೋಡಿ, ಆ "ಆಮೇಲೆ" ಬರಬೇಕು. ಕನ್ನಡದ ಮಕ್ಕಳೆಲ್ಲ ಕೇಳಿ ಬೆಳೆದ ಅಜ್ಜಿಯ ಕೋಳಿ ಕಥೆ ಭೀಮಿಲಿಯ ಹೆಂಗಸನ್ನು ಅಡುಗೆ ಮರೆತು ನಿಲ್ಲಿಸಿತು. ಹದಿನಾರು ನಿಮಿಷ ಸಾಕು, ಹದಿನಾರು ರೀಲೇ ಬೇಕು ಅಂತೇನಿಲ್ಲ.

ರೀಲು ಅಂದದ್ದೇ ತಡ, ಬಾಬಾಯಿ ಹಳಿ ಬದಲಿಸಿದರು. ಗಾರ್ಡ್ ಆಗಿದ್ದಾಗ ಬ್ರೇಕ್‌ವ್ಯಾನಿನಲ್ಲಿ ಅವರ ಜೊತೆ ಎಷ್ಟೋ ನಾಯಕರು ಪಾರ್ಸೆಲ್ ಆಗಿ ಪ್ರಯಾಣ ಮಾಡಿದ್ದಾರಂತೆ. ತಗಡಿನ ಡಬ್ಬಿಗಳು, ಅವನ್ನೆಲ್ಲ ಹಾಕಿದ ಪೆಟ್ಟಿಗೆ, ಮೇಲೆ ಬಿಳಿ ಬಣ್ಣದಲ್ಲಿ ಗಾಂಧಿನಗರದ ವಿತರಕರ ಹೆಸರು. ಸಾವಿರ ಅಡಿಯ ಒಂದು ರೀಲು ಅಂದರೆ 11 ನಿಮಿಷದ ಆಟ. ಸಾಮರ್ಲಕೋಟ, ತುನಿ, ಅನಕಾಪಲ್ಲಿ, ವಿಜಯನಗರ ಅಂತ ಒಂದೊಂದು ಸ್ಟೇಷನ್ನಿನಲ್ಲಿ ಒಂದೊಂದು ಪೆಟ್ಟಿಗೆ ಇಳಿಯುತ್ತಿತ್ತು. ಪ್ಲಾಟ್‌ಫಾರಮ್ಮಿನಲ್ಲಿ ಟಾಕೀಸಿನ ಹುಡುಗ ಸೈಕಲ್ ಹಿಡಿದು ಕಾಯುತ್ತಿದ್ದ. ಗಾಡಿ ತಡವಾದರೆ ಬಾಬಾಯಿಗೆ ಬೈಗುಳ. ಡ್ರೈವರಿಗಲ್ಲ, ಸಿಗ್ನಲ್ಲಿಗಲ್ಲ, ಗಾರ್ಡಿಗೆ. ಪ್ರಿಂಟ್ ಸಾಲದ ಊರುಗಳಲ್ಲಿ ಒಂದೇ ಪ್ರಿಂಟು ಎರಡು ಟಾಕೀಸಿನಲ್ಲಿ ಓಡುತ್ತಿತ್ತು. ಇಲ್ಲಿ ಬಿಚ್ಚಿದ ರೀಲನ್ನು ಸೈಕಲ್ಲಿನ ಮೇಲೆ ಅಲ್ಲಿಗೆ ಒಯ್ಯಬೇಕು. ಸೈಕಲ್ ಪಂಚರ್ ಆದ ದಿನ ಎರಡನೇ ಟಾಕೀಸಿನಲ್ಲಿ ಇಂಟರ್ವಲ್ ಮುಗಿಯುವುದೇ ಇಲ್ಲ. ಗೋಲಿ ಸೋಡಾ ಮಾರುವವನು ಮಾತ್ರ ಆ ಪಂಚರಿಗೆ ಹರಕೆ ಹೊತ್ತವನ ಹಾಗೆ ಓಡಾಡುತ್ತಿದ್ದನಂತೆ.

"ಈಗ ಏನೈತಿ? ಒಂದು ಹಾರ್ಡ್ ಡಿಸ್ಕ್, ಅದಕ್ಕೊಂದು ಪಾಸ್‌ವರ್ಡು. ಗಾರ್ಡ್‌ಗ ಕೆಲಸನ ಇಲ್ಲ."

ಅವರ ಬೇಸರ ಅರ್ಥವಾಗುತ್ತದೆ. ಆದರೂ ನನಗೆ ಡಿಸ್ಕಿನ ಮೇಲೆ ಕೋಪವಿಲ್ಲ. ಪ್ರಿಂಟ್ ಹಾಕಿಸುವ ಖರ್ಚಿಗೇ ಎಷ್ಟೋ ಸಣ್ಣ ಚಿತ್ರಗಳು ಡಬ್ಬಿಯಿಂದ ಹೊರಗೆ ಬರಲಿಲ್ಲ. ಈಗ ಆ ಖರ್ಚು ಹೋಗಿದೆ. 2018ರ ಸೆಪ್ಟೆಂಬರಿನಲ್ಲಿ ಬಂದ 'ಕೇರ್ ಆಫ್ ಕಂಚರಪಾಲೆಂ' ಇದಕ್ಕೆ ನಮ್ಮೂರಿನ ಸಾಕ್ಷಿ.

ಕಂಚರಪಾಲೆಂ ವಿಶಾಖಪಟ್ಟಣದ ಒಳಗಿನದೇ ಹಳೇ ಬಡಾವಣೆ, ರೈಲು ಹಳಿಗೂ ಕಾರ್ಖಾನೆಗಳಿಗೂ ಒತ್ತಿಕೊಂಡದ್ದು. ವೆಂಕಟೇಶ್ ಮಹಾ ಅನ್ನುವ ಹೊಸ ನಿರ್ದೇಶಕ ಅಲ್ಲಿಗೆ ಹೋಗಿ, ಅಲ್ಲಿಯದೇ ಜನರನ್ನು ಹಾಕಿಕೊಂಡು ಚಿತ್ರ ತೆಗೆದರು. ಎಂಬತ್ತಕ್ಕೂ ಮಿಕ್ಕಿ ಜನ ಕ್ಯಾಮೆರಾ ಮುಂದೆ ಹಿಂದೆಂದೂ ನಿಂತವರಲ್ಲ. ದುಡ್ಡು ಹಾಕಿದ ಪ್ರವೀಣಾ ಪರುಚೂರಿ ಅಮೆರಿಕದಲ್ಲಿ ವೈದ್ಯೆ. ಚಿತ್ರದಲ್ಲಿ ಒಂದು ಪಾತ್ರವನ್ನೂ ಮಾಡಿದ್ದಾರೆ. ಚಿತ್ರ ನ್ಯೂಯಾರ್ಕಿನ ಭಾರತೀಯ ಚಿತ್ರೋತ್ಸವಕ್ಕೆ ಆಯ್ಕೆಯಾಯಿತು, ನಟ ರಾಣಾ ದಗ್ಗುಬಾಟಿ ನೋಡಿ ಮೆಚ್ಚಿ ತಮ್ಮ ಹೆಸರು ಸೇರಿಸಿದರು, ಆಮೇಲೆ ಥಿಯೇಟರಿಗೆ ಬಂತು. ಕಥೆ ಇಷ್ಟು: ಸರ್ಕಾರಿ ಕಚೇರಿಯ ಅಟೆಂಡರ್ ರಾಜು, ವಯಸ್ಸು ನಲವತ್ತೊಂಬತ್ತು, ಮದುವೆಯಿಲ್ಲ. ಊರಿನವರಿಗೆಲ್ಲ ಅವನ ಮದುವೆಯದೇ ಚಿಂತೆ. ಅದರ ಜೊತೆ ಇನ್ನೂ ಮೂರು ಪ್ರೇಮಕಥೆಗಳು. ಕೊನೆಯಲ್ಲಿ ಏನಾಗುತ್ತದೆ ಅಂತ ನಾನು ಹೇಳುವುದಿಲ್ಲ.

"ಅದಕ್ಕೆ ಇಂಟರ್ವಲ್ ಇತ್ತು" ಅಂದರು ಪಿನ್ನಿಗಾರು. ಅವರು ನೋಡಿದ್ದಾರೆ. ನಮ್ಮ ಹಾಲಿನವನ ಷಡ್ಡಕ ಅದರಲ್ಲಿ ಒಂದು ಗುಂಪಿನ ನಡುವೆ ಎರಡು ಕ್ಷಣ ಕಾಣುತ್ತಾನಂತೆ. ವಿಶಾಖಪಟ್ಟಣದಲ್ಲಿ ಯಾರನ್ನು ಕೇಳಿದರೂ ಆ ಚಿತ್ರದಲ್ಲಿ ಅವರಿಗೆ ಒಬ್ಬ ಷಡ್ಡಕ ಇರುತ್ತಾನೆ. ನಾನು ಇದನ್ನು ನಂಬುತ್ತೇನೆ. ಮಂಡ್ಯದ ಕಡೆ 'ತಿಥಿ'ಯ ಬಗ್ಗೆ ಕೇಳಿದರೂ ಹೀಗೆಯೇ. ರಾಮ್ ರೆಡ್ಡಿಯವರ ಆ ಚಿತ್ರ 2015ರಲ್ಲಿ ಲೊಕಾರ್ನೊ ಉತ್ಸವದಲ್ಲಿ ಎರಡು ಪ್ರಶಸ್ತಿ ಗೆದ್ದಾಗ, ಅದರ ಸೆಂಚುರಿ ಗೌಡರೂ ಗಡ್ಡಪ್ಪನವರೂ ಊರಿನ ಜಗಲಿಯಿಂದ ಎದ್ದು ಬಂದ ಹಾಗೇ ಇದ್ದರು. ನಟಿಸಲು ಬಾರದವರನ್ನು ಹುಡುಕಿ ತಂದು, ಅವರಿಂದ ನಟನೆ ಮಾಡಿಸದೇ ಇರುವುದು ದೊಡ್ಡ ವಿದ್ಯೆ.

ಇಲ್ಲಿ ನನಗೆ ಸ್ವಲ್ಪ ಜಂಬ ಬಂದಿರಬೇಕು. ಕನ್ನಡದಲ್ಲಿ ಇಂಥ ಚಿತ್ರಗಳಿಗೆ ಐವತ್ತು ವರ್ಷದ ಮೇಲ್ಪಟ್ಟ ಪರಂಪರೆ ಇದೆ, 'ಸಂಸ್ಕಾರ'ದಿಂದಲೇ ಶುರು, ಅಂತ ಭಾಷಣಕ್ಕೆ ಹೊರಟೆ. ಬಾಬಾಯಿ ಇದಕ್ಕೇ ಕಾದಿದ್ದರು.

"ಸಂಸ್ಕಾರ ತಗದಾಂವ ಯಾರವಾ?"

"ಪಟ್ಟಾಭಿರಾಮ ರೆಡ್ಡಿಯವರು."

"ಯಾ ಊರಿನಾಂವ?"

"... ನೆಲ್ಲೂರು."

"ಹಾಂ, ಅಲ್ಲಿಗೆ ಬಂತು ನೋಡು ಗಾಡಿ!"

ಒಪ್ಪಲೇಬೇಕು. ತೆಲುಗಿನ ಕವಿ, ತೆಲುಗಿನಲ್ಲಿ ಜನಪ್ರಿಯ ಚಿತ್ರಗಳಿಗೆ ದುಡ್ಡು ಹಾಕಿದ್ದ ಮನುಷ್ಯ ಅನಂತಮೂರ್ತಿಯವರ ಕಾದಂಬರಿ ಹಿಡಿದು ಮಲೆನಾಡಿನ ಅಗ್ರಹಾರಕ್ಕೆ ಬಂದರು. ಕ್ಯಾಮೆರಾ ಹಿಡಿದವರು ಆಸ್ಟ್ರೇಲಿಯಾದ ಟಾಮ್ ಕೋವನ್. ಪ್ರಾಣೇಶಾಚಾರ್ಯ ಗಿರೀಶ ಕಾರ್ನಾಡ, ನಾರಣಪ್ಪ ಪಿ. ಲಂಕೇಶ್, ಚಂದ್ರಿ ರೆಡ್ಡಿಯವರ ಹೆಂಡತಿ ಸ್ನೇಹಲತಾ. ಮದ್ರಾಸಿನ ಸೆನ್ಸಾರ್ ಮೊದಲು ಬೇಡವೆಂದಿತು. ಆಮೇಲೆ ಅದೇ ಚಿತ್ರಕ್ಕೆ 1970ರ ಅತ್ಯುತ್ತಮ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಬಂತು. ಕನ್ನಡದ ಹೊಸ ಅಲೆಗೆ ನೆಲ್ಲೂರಿನ ಗಾಳಿಯೂ ಬೀಸಿತ್ತು ಅಂತ ನಾನು ಗೋಡೆಯ ಈಚೆಯಿಂದ ಬಿಳಿ ಬಾವುಟ ತೋರಿಸಿದೆ. ಗಾರ್ಡ್ ಸಾಹೇಬರು ಹಸಿರು ತೋರಿಸಿ ಮುಂದೆ ಹೋಗಲು ಬಿಟ್ಟರು.

ಆದರೆ ಒಂದು ವಿಷಯದಲ್ಲಿ ನಾನು ಬಿಟ್ಟುಕೊಡುವವಳಲ್ಲ. ಅದು ಹೆಗ್ಗೋಡು.

ಸಾಗರದ ಹತ್ತಿರ, ಅಡಿಕೆ ತೋಟಗಳ ನಡುವಿನ ಹಳ್ಳಿ. 1949ರಲ್ಲಿ ಊರಿನವರು ನಾಟಕ ಆಡಲು ಕಟ್ಟಿಕೊಂಡ ನೀಲಕಂಠೇಶ್ವರ ನಾಟ್ಯಸೇವಾ ಸಂಘ, ಮುಂದೆ ಎಲ್ಲರ ಬಾಯಲ್ಲೂ ನೀನಾಸಂ. ಕೆ.ವಿ. ಸುಬ್ಬಣ್ಣ ಮತ್ತು ಗೆಳೆಯರು ಶಿವರಾಮ ಕಾರಂತರ ಹೆಸರಿನಲ್ಲಿ ರಂಗಮಂದಿರ ಕಟ್ಟಿದರು, 1973ರಲ್ಲಿ ಚಿತ್ರಸಮಾಜ ಶುರುಮಾಡಿದರು. ಫಿಲಂ ಸೊಸೈಟಿ ಅನ್ನುವುದು ಆಗ ಪಟ್ಟಣದವರ ಶೋಕಿ. 1947ರಲ್ಲಿ ಸತ್ಯಜಿತ್ ರಾಯ್ ಮತ್ತು ಗೆಳೆಯರು ಕಲ್ಕತ್ತೆಯಲ್ಲಿ ಒಂದು ಮಾಡಿದರು, 1971ರಲ್ಲಿ ಬೆಂಗಳೂರಿನಲ್ಲಿ ಸುಚಿತ್ರಾ ಹುಟ್ಟಿತು. ಅಡಿಕೆ ಸುಲಿಯುವವರಿಗೂ ಕೊನೆ ಕೊಯ್ಯುವವರಿಗೂ ಇಟಲಿಯ ಡಿಸೀಕಾನ ಚಿತ್ರ ತೋರಿಸಬೇಕು ಅನ್ನುವ ಧೈರ್ಯ ಹೆಗ್ಗೋಡಿನದು. 70ರ ದಶಕದ ಕೊನೆಗೆ ಅಲ್ಲಿ ಜಗತ್ತಿನ ದೊಡ್ಡ ಚಿತ್ರಗಳ ಉತ್ಸವವನ್ನೇ ಮಾಡಿದರು. ಪುಣೆಯ ಫಿಲಂ ಇನ್‌ಸ್ಟಿಟ್ಯೂಟಿನ ಸತೀಶ ಬಹಾದೂರ್ ಅವರಂಥವರು ಬಂದು ಸಿನಿಮಾ ನೋಡುವುದನ್ನು ಕಲಿಸಿದರು. ಚಿತ್ರಗಳ ಬಗ್ಗೆ ಕನ್ನಡದಲ್ಲಿ ಪುಸ್ತಕ ಬಂದವು. 1991ರಲ್ಲಿ ಸುಬ್ಬಣ್ಣನವರಿಗೆ ಮ್ಯಾಗ್ಸೇಸೆ ಬಂದಾಗ ಜಗತ್ತು ತಿರುಗಿ ನೋಡಿತು. ನಮ್ಮ ಕಡೆಯವರು ಅಷ್ಟರಲ್ಲಿ 'ಬೈಸಿಕಲ್ ಥೀವ್ಸ್' ಬಗ್ಗೆ ಜಗಳವಾಡಿ ಮುಗಿಸಿದ್ದರು.

"ಸೈಕಲ್ ಕಳಕೊಂಡಾಂವನ ಪಿಚ್ಚರ್ ಏನು?" ಬಾಬಾಯಿ ಕೇಳಿದರು. ಹೌದು ಅಂದೆ. ಕೆಲಸಕ್ಕೆ ಸೈಕಲ್ ಬೇಕು, ಸೈಕಲ್ ಕಳುವಾಗುತ್ತದೆ, ಅಪ್ಪ ಮಗ ಊರೆಲ್ಲ ಹುಡುಕುತ್ತಾರೆ, ಕೊನೆಗೆ ಅಪ್ಪನೇ ಒಂದು ಸೈಕಲ್ ಕದಿಯಲು ಹೋಗಿ ಮಗನ ಎದುರಿಗೆ ಸಿಕ್ಕಿಬೀಳುತ್ತಾನೆ. ಬಾಬಾಯಿ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಟಾಕೀಸಿನ ಹುಡುಗರ ಸೈಕಲ್ ನೋಡಿದವರು ಅವರು.

ಆ ರಂಗಮಂದಿರದಲ್ಲಿ ನಾನು ಅಪ್ಪನ ಪಕ್ಕ ಕೂತು 'ಪಥೇರ್ ಪಾಂಚಾಲಿ' ನೋಡಿದವಳು. ಭಾಷೆ ಬಂಗಾಳಿ, ನನಗೆ ಬರುತ್ತಿದ್ದದ್ದು ಕನ್ನಡ ಒಂದೇ. ಮಳೆ ಶುರುವಾಯಿತು, ದುರ್ಗಾ ತಮ್ಮನನ್ನು ಸೆರಗಿನಲ್ಲಿ ಹುದುಗಿಸಿಕೊಂಡು ಮರದ ಕೆಳಗೆ ನಿಂತಳು. ನಮ್ಮ ಮುಂದಿನ ಸಾಲಿನ ಒಬ್ಬ ಅಜ್ಜಿ ಗಟ್ಟಿಯಾಗಿ "ಹುಡುಗಿಗೆ ಜ್ವರ ಬತ್ತು ನೋಡು" ಅಂದಿತು. ಮಲೆನಾಡಿನ ಹೆಂಗಸಿಗೆ ಮಳೆಯ ಲೆಕ್ಕ ಯಾರು ಹೇಳಿಕೊಡಬೇಕು? ಜ್ವರ ಬಂತು. ಕಪ್ಪು ಬಿಳುಪಿನ ಬಂಗಾಳದಲ್ಲಿ ಆಮೇಲೆ ಆದದ್ದೆಲ್ಲ ಆ ಅಜ್ಜಿಗೆ ಗೊತ್ತಿದ್ದದ್ದೇ.

ಇನ್ನೊಂದು ಸಂಗತಿ. ಹಳ್ಳಿಗಳಿಗೆ ಚಿತ್ರಗಳು ಬರುತ್ತಿದ್ದದ್ದು 16 ಮಿಲಿಮೀಟರಿನ ಪ್ರಿಂಟಿನಲ್ಲಿ. 1600 ಅಡಿಯ ದೊಡ್ಡ ಸುರುಳಿ ಅಂದರೂ 44 ನಿಮಿಷ. ಪ್ರೊಜೆಕ್ಟರ್ ಒಂದೇ ಆದರೆ, ಒಂದು ಸುರುಳಿ ಮುಗಿದೊಡನೆ ದೀಪ ಹಾಕಿ, ಅದನ್ನು ಬಿಚ್ಚಿ, ಇನ್ನೊಂದನ್ನು ಹಲ್ಲಿಗೆ ಕೂರಿಸಿ ಮತ್ತೆ ಶುರುಮಾಡಬೇಕು. ಆ ನಾಲ್ಕಾರು ನಿಮಿಷ ಜನ ಏನು ಮಾಡಿಯಾರು? ಎಲೆ ಅಡಿಕೆ ಬಿಚ್ಚುತ್ತಾರೆ, ಪಕ್ಕದವರ ಕಡೆ ತಿರುಗುತ್ತಾರೆ. ಚಿತ್ರದಲ್ಲಿ ಕಳುವಾದ ಸರವನ್ನು ದುರ್ಗಾ ಕದ್ದಳೋ ಇಲ್ಲವೋ ಅಂತ ನಮ್ಮ ಸಾಲಿನಲ್ಲಿ ಎರಡು ಪಕ್ಷವಾಯಿತು. ಕದ್ದಿದ್ದಾಳೆ ಅಂದವರು ಒಬ್ಬ ಸೊಸೆ. ಇಲ್ಲ ಅಂದವರು ಅವರ ಅತ್ತೆ. ಮನೆಗೆ ಹೋಗುವ ದಾರಿಯಲ್ಲೂ ಆ ವ್ಯಾಜ್ಯ ನಡೆಯಿತು, ಮಾರನೇ ದಿನ ಬಾವಿಕಟ್ಟೆಗೂ ಬಂತು. ಚಿತ್ರ ನಿರ್ಮಿಸಿದವರಿಗೆ ಎಷ್ಟು ಎಲೆಯ ಗುರುತು ಕೊಟ್ಟರೂ ಇದಕ್ಕೆ ಸಮನಾಗುವುದಿಲ್ಲ.

ಪಿನ್ನಿಗಾರು ಗೆದ್ದವರಂತೆ ತಲೆಯಾಡಿಸಿದರು. "ಅದನ್ನೇ ನಾನು ಹೇಳಿದ್ದು. ನಡುವೆ ದೀಪ ಹಾಕಬೇಕು."

ಇದಕ್ಕೆ ನಾನು ಪೂರ್ತಿ ಒಪ್ಪಿದೆ. ಸಣ್ಣ ಚಿತ್ರೋತ್ಸವದಲ್ಲಿ ಚಿತ್ರಕ್ಕಿಂತ ದೀಪ ಹಾಕಿದ ಹೊತ್ತೇ ದೊಡ್ಡದು ಅಂತ ನನ್ನ ಮತ. ಒಳ್ಳೆಯ ಚಿತ್ರವನ್ನು ಈಗ ಹಾಸಿಗೆಯ ಮೇಲೆ ಮಲಗಿ ಫೋನಿನಲ್ಲಿ ನೋಡಬಹುದು. ಕರ್ನಾಟಕ ಆಂಧ್ರದ ಗಡಿಯ ಹಳ್ಳಿಯಲ್ಲಿ ಆಟೋ ಓಡಿಸುವವನಿಗೆ ಯಾರೋ ಮರೆತುಹೋದ ಕ್ಯಾಮೆರಾ ಸಿಕ್ಕಿ ಅವನು ಊರಿನವರನ್ನೇ ಕಟ್ಟಿಕೊಂಡು ಸಿನಿಮಾ ತೆಗೆಯುವ 'ಸಿನಿಮಾ ಬಂಡಿ'ಯನ್ನು ನಾನು ನೋಡಿದ್ದೇ ಹಾಗೆ, 2021ರಲ್ಲಿ, ನೆಟ್‌ಫ್ಲಿಕ್ಸಿನಲ್ಲಿ. ಒಬ್ಬಳೇ ನಕ್ಕೆ. ನಕ್ಕಿದ್ದನ್ನು ಯಾರಿಗೂ ಹೇಳಲಿಲ್ಲ. ಅದೇ ಚಿತ್ರವನ್ನು ಇನ್ನೂರು ಜನರ ನಡುವೆ ನೋಡಿದ್ದರೆ ಯಾವ ಮಾತಿಗೆ ಯಾರು ನಕ್ಕರು, ಯಾರು ನಗಲಿಲ್ಲ ಅನ್ನುವುದರಲ್ಲೇ ಒಂದು ವಾರದ ಸಾಮಗ್ರಿ ಇರುತ್ತಿತ್ತು.

ದೊಡ್ಡ ಉತ್ಸವಗಳಲ್ಲಿ ಈ ಹೊತ್ತು ಸಿಗುವುದಿಲ್ಲ. ಬೆಂಗಳೂರಿನ ಅಂತರರಾಷ್ಟ್ರೀಯ ಉತ್ಸವದಲ್ಲಿ ಒಂದು ಚಿತ್ರ ಮುಗಿಯುವ ಮೊದಲೇ ಮುಂದಿನದರ ಕ್ಯೂ ಬೆಳೆದಿರುತ್ತದೆ. ಓಡುವುದರಲ್ಲೇ ದಿನ ಹೋಗುತ್ತದೆ. ಹಿಮಾಚಲದ ಧರ್ಮಶಾಲೆಯವರ ದಾರಿ ಬೇರೆ. ಋತು ಸರೀನ್ ಮತ್ತು ತೆನ್‌ಜಿಂಗ್ ಸೋನಮ್ ದಂಪತಿಗಳು 2012ರಲ್ಲಿ ಮೆಕ್ಲಿಯೋಡ್‌ಗಂಜಿನಲ್ಲಿ ಶುರುಮಾಡಿದ ಉತ್ಸವ ಅದು. ಟಿಬೆಟಿಯನ್ ಮಕ್ಕಳ ಶಾಲೆಯ ಸಭಾಂಗಣ, ಗಾಳಿ ಊದಿ ನಿಲ್ಲಿಸುವ ಗುಡಾರದ ಥಿಯೇಟರು, ಬೆಟ್ಟದ ಚಳಿ. ಸ್ಪರ್ಧೆಯಿಲ್ಲ, ಹಾಗಾಗಿ ಎಲೆಯ ಗಲಾಟೆಯಿಲ್ಲ. ಊರು ಚಿಕ್ಕದಾದ್ದರಿಂದ ಬೆಳಿಗ್ಗೆ ಚಿತ್ರ ತೋರಿಸಿದ ನಿರ್ದೇಶಕ ಸಂಜೆ ಮೊಮೊ ಅಂಗಡಿಯಲ್ಲಿ ಸಿಕ್ಕೇ ಸಿಗುತ್ತಾನೆ, ತಪ್ಪಿಸಿಕೊಳ್ಳುವ ಹಾಗಿಲ್ಲ.

"ಹಂಗಾದ್ರ ನಾವೂ ಮಾಡೂಣು" ಅಂದರು ಬಾಬಾಯಿ. ಅವರ ಮನೆಯ ಮೇಲ್ಛಾವಣಿ, ನಮ್ಮ ಪ್ರೊಜೆಕ್ಟರು. ಪ್ರಿಂಟ್ ಬೇಕಿಲ್ಲದಿದ್ದರೂ ಹಕ್ಕು ಇದ್ದವರ ಅನುಮತಿ ಬೇಕು, ನಾಲ್ಕು ಜನರಿಗೆ ಬಹಿರಂಗವಾಗಿ ತೋರಿಸುವುದಾದರೂ ಬೇಕು, ಅಂತ ನಾನು ಹೇಳಿದೆ. ಅದು ಗಾಂಧಿನಗರದ ಕೆಲಸ, ನನಗೆ ಬಿಡು ಅಂದರು. ಮೊದಲ ದಿನ 'ಸಂಸ್ಕಾರ' ಅಂತ ಅವರು. 'ಕಂಚರಪಾಲೆಂ' ಅಂತ ಪಿನ್ನಿಗಾರು, ಹಾಲಿನವನ ಷಡ್ಡಕನನ್ನೇ ಮುಖ್ಯ ಅತಿಥಿ ಮಾಡಿ. 'ತಿಥಿ' ಅಂತ ನಾನು. ಉತ್ಸವದ ಮೊದಲ ದಿನ ತಿಥಿಯೇ ಅಂತ ಪಿನ್ನಿಗಾರು ಮುಖ ಸಿಂಡರಿಸಿದರು. ಎರಡನೇ ದಿನಕ್ಕೆ ಹಾಕಿದೆವು.

ತಿಂಗಳು ಗೊತ್ತುಮಾಡುವುದು ಮಾತ್ರ ಹಗರಣವಾಯಿತು. ಜನವರಿ ಬೇಡ, ಸಂಕ್ರಾಂತಿಯ ದೊಡ್ಡ ಪಿಚ್ಚರುಗಳ ಎದುರು ನಿಲ್ಲುವುದು ಯಾರಿಂದಲೂ ಆಗದು. ಫೆಬ್ರವರಿಯಲ್ಲಿ ಮದುವೆಗಳು. ಮಾರ್ಚ್ ಪರೀಕ್ಷೆ. ಏಪ್ರಿಲ್ ಮೇ ತಿಂಗಳಲ್ಲಿ ಇಲ್ಲಿಯ ಬೆವರು ಕಂಡವರು ಮೇಲ್ಛಾವಣಿಯ ಮಾತೇ ಎತ್ತುವುದಿಲ್ಲ. ಅಕ್ಟೋಬರ್ ನವೆಂಬರ್ ತುಫಾನಿನ ಕಾಲ. 2014ರ ಅಕ್ಟೋಬರಿನಲ್ಲಿ ಹುದ್‌ಹುದ್ ಬಂದು ಈ ಊರಿನ ಮರಗಳನ್ನೆಲ್ಲ ಮಲಗಿಸಿದ್ದನ್ನು ನೆನೆದರೆ ಪಿನ್ನಿಗಾರು ಇವತ್ತಿಗೂ ನುಗ್ಗೆಮರದ ಕಡೆ ನೋಡುತ್ತಾರೆ. ಡಿಸೆಂಬರಿನಲ್ಲಿ ಕೇರಳದ ದೊಡ್ಡ ಉತ್ಸವ, ಬರುವ ನಾಲ್ಕು ಹುಡುಗರೂ ಅಲ್ಲಿಗೆ ಹೋಗಿಬಿಡುತ್ತಾರೆ.

ಕೊನೆಗೆ ಆಷಾಢ ಉಳಿಯಿತು. ಮದುವೆಯಿಲ್ಲ, ಗೃಹಪ್ರವೇಶವಿಲ್ಲ. ಮಳೆ ಬಂದರೆ ಮೇಲ್ಛಾವಣಿ ಆಗದು, ಆದರೆ ಕಲ್ಯಾಣಮಂಟಪಗಳೆಲ್ಲ ಆ ತಿಂಗಳು ಬಾಗಿಲು ಹಾಕಿಕೊಂಡು ನೊಣ ಹೊಡೆಯುತ್ತಿರುತ್ತವೆ. ಬಾಡಿಗೆ ಅರ್ಧಕ್ಕೆ ಇಳಿಯುತ್ತದೆ, ಕುರ್ಚಿ ಅವರದೇ, ಮೈಕು ಅವರದೇ. ಹೊಸ ಸೊಸೆಯಂದಿರು ತವರಿಗೆ ಬಂದಿರುತ್ತಾರೆ, ಸಂಜೆ ಹೊತ್ತು ಅವರಿಗೂ ಮಾತಾಡಲು ಏನಾದರೂ ಬೇಕು.

"ಬಸ್ ಕಾಂಪ್ಲೆಕ್ಸ್ ಹಿಂದಿನ ಮಂಟಪದವರು ನಮ್ಮ ಕಡೆಯವರು" ಅಂದರು ಪಿನ್ನಿಗಾರು, ಸೊಪ್ಪು ಎತ್ತಿಕೊಳ್ಳುತ್ತ. "ಸಂಜೆ ಹೋಗಿ ಕೇಳೋಣ. ಅಡುಗೆಪಾತ್ರೆಗೂ ಸೇರಿಸಿಯೇ ರೇಟು ಮಾತಾಡಬೇಕು."

"ಪಿಚ್ಚರ್ ತೋರಸಾಕ ಪಾತ್ರಿ ಯಾಕ?" ಅಂದರು ಬಾಬಾಯಿ.

ಪಿನ್ನಿಗಾರು ಉತ್ತರ ಕೊಡದೆ ಒಳಗೆ ಹೋದರು. ಬಾಬಾಯಿ ನನ್ನ ಕಡೆ ತಿರುಗಿ, ಎರಡನೇ ವರ್ಷದ್ದು ಬೆಜವಾಡದಲ್ಲೇ ಆಗಬೇಕು, ಅದನ್ನು ಈಗಲೇ ಬರೆದಿಟ್ಟುಕೋ ಅಂದರು.